ಬಂಡಿದಾರಿಯೇ ಸೈಕಲ್ ಹಾದಿಯಾಗಲಿ

ಸೈಕಲ್ ಪ್ರವಾಸವೆಂದೊಡನೆ ನಮಗೆ ನೆನಪಾಗುವುದು ಕರಾವಳಿ, ಕೊಡಗು, ಚಿಕ್ಕಮಗಳೂರು. ಕಡಲಾಗಲಿ ಗಿರಿಶ್ರೇಣಿಯಾಗಲಿ ಇಲ್ಲವೆಂಬ ಕಾರಣಕ್ಕೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಈ ಪಟ್ಟಿಯಿಂದ ಕೈಬಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಆಳಂದದ ಅಮರ್ಜಾ ಜಲಾಶಯದಿಂದ ಹೊರಟು ನದಿಯ ಜಾಡು ಹಿಡಿದರೆ ಗಾಣಗಾಪುರದ ಭೀಮಾ-ಅಮರ್ಜಾ ಸಂಗಮ ಸಿಗುತ್ತದೆ. ಅಲ್ಲಿಂದ ಭೀಮೆಯ ದಂಡೆಗುಂಟ ಸಾಗಿದರೆ ಜೇವರ್ಗಿಯ ಕಟ್ಟಿಸಂಗಾವಿ. ಈ ಸೀಮೆಯ ಹೊಲಗಳ ನಡುವೆ ಬಂಡಿದಾರಿಗಳಿಗೆ ಕೊರತೆಯಿಲ್ಲ. ಅವುಗಳಿಗೆ ಬೇಕಿರುವುದು ಡಾಂಬರಲ್ಲ. ಒತ್ತುವರಿಯ ತೆರವು, ದಾರಿಫಲಕ, ಬೇವಿನ ನೆರಳು, ಕುಡಿಯುವ ನೀರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮಳೆಗಾಲದಲ್ಲಿ ಗಾಲಿಗೆ ಮೆತ್ತುವ ಎರೆಮಣ್ಣು ಅಡ್ಡಿಯೆಂಬುದು ನಿಜ. ಆದರೆ ಬಿಳಿಜೋಳ ತೆನೆಗಟ್ಟುವ ಚಳಿಗಾಲಕ್ಕೆ ಆ ದೂರಿಲ್ಲ.

ಇದು ಸಿರಿವಂತರ ಹವ್ಯಾಸವೆಂಬ ಆಕ್ಷೇಪವೂ ಬರಬಹುದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಚ್ಚಾ ದಾರಿಗಳಲ್ಲಿ ಹಳೆಯ ಸೈಕಲ್ಲುಗಳಿಂದಲೇ ಈ ಆಟ ಬೆಳೆಯಿತೆಂಬುದನ್ನು ಮರೆಯಬಾರದು. ಮೇಲಾಗಿ, ರಾಜ್ಯ ಸರ್ಕಾರ 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡಿತು. ಅದನ್ನು ತುಳಿಯಲು ನಿರ್ಭಯವಾದ ದಾರಿಯನ್ನು ನೀಡಲಿಲ್ಲ. ಕಬ್ಬಿನ ಲಾರಿಗಳ ಪಕ್ಕದಲ್ಲಿ ಶಾಲೆಗೆ ಹೋಗುವ ಬಾಲಕಿಗೆ ಈ ಹಾದಿ ಮೊದಲು ಒದಗಲಿ, ಪ್ರವಾಸಿಗ ಅನಂತರ ಬರಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ಹೊರಲಾರದ ಹೊರೆಯೇನಲ್ಲ.