ಕನ್ನಡದ ನಡುವೆ ಪೌಂಡ್ ಚಿಹ್ನೆ

ನಮ್ಮಣ್ಣ ಸಾಗರದ ಹತ್ತಿರದ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವನು. ನಿವೃತ್ತನಾದ ಮೇಲೆ ಒಂದು ಕಂಪ್ಯೂಟರ್ ಕೊಂಡು, ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ, ನಮ್ಮ ಮನೆತನದ ಕತೆಯನ್ನು ಇನ್ನೂರು ಪುಟ ಬರೆದ. ಅಜ್ಜಿಯ ಔಷಧಿಗಳು, ತೋಟದ ತಗಾದೆ, ಅಪ್ಪನ ಸಾಲ, ಎಲ್ಲ ಅದರಲ್ಲಿತ್ತಂತೆ. 2008ರಲ್ಲಿ ಒಂದು ಸೀಡಿ ಕೈಗಿಟ್ಟು, "ಮುಂಬಯಿಯಲ್ಲಿ ಪುರುಸೊತ್ತಾದಾಗ ಓದು" ಅಂದ. ಬ್ಯಾಂಕಿನವನಿಗೆ ಪುರುಸೊತ್ತೆಲ್ಲಿ? ಸೀಡಿ ಬೀರುವಿನಲ್ಲಿ ಕೂತಿತು. 2019ರಲ್ಲಿ ಅಣ್ಣ ಹೋಗಿಬಿಟ್ಟ. ಕಾರ್ಯ ಮುಗಿಸಿ ಡೊಂಬಿವಲಿಗೆ ಬಂದ ರಾತ್ರಿ ಆ ಸೀಡಿ ಹುಡುಕಿ ತೆಗೆದು, ಮಗನ ಕಂಪ್ಯೂಟರಿಗೆ ಹಾಕಿದೆ.

ತೆರೆಯಿತು. ಆದರೆ ಅದರಲ್ಲಿ ಒಂದಾದರೂ ಕನ್ನಡ ಅಕ್ಷರ ಇರಬೇಕಲ್ಲ! ಇಂಗ್ಲಿಷ್ ಅಕ್ಷರಗಳ ಮಧ್ಯೆ ಟೋಪಿ ಹಾಕಿದ ಎ, ಬಾಲ ಬಿಟ್ಟ ಚಿಹ್ನೆ, ಅಲ್ಲಲ್ಲಿ ಬ್ರಿಟಿಷರ ಪೌಂಡು. ಫಾರಿನ್ ಎಕ್ಸ್‌ಚೇಂಜ್ ವಿಭಾಗದಲ್ಲಿ ಕೆಲಸ ಮಾಡಿದವನು ನಾನು, ಪೌಂಡ್ ಚಿಹ್ನೆ ಕಂಡರೆ ಗುರುತಾಗುತ್ತದೆ. ಆದರೆ ಅಣ್ಣನ ಬರಹದಲ್ಲಿ ಅದಕ್ಕೇನು ಕೆಲಸ? ಪಕ್ಕದ ಮನೆಯ ಹುಡುಗ ಬಂದು ಬಿಡಿಸಿ ಹೇಳಿದ. ಹಳೆಯ ಫಾಂಟುಗಳಲ್ಲಿ ಕಂಪ್ಯೂಟರು ಕನ್ನಡವನ್ನು ಉಳಿಸಿಕೊಳ್ಳುವುದೇ ಇಲ್ಲ. ಒಳಗೆ ಉಳಿಯುವುದು ಇಂಗ್ಲಿಷಿನ ಸಂಕೇತ. ಫಾಂಟು ಅದರ ಮೇಲೆ ಕನ್ನಡದ ಮುಖವಾಡ ಹಾಕುತ್ತದೆ ಅಷ್ಟೇ. ಆ ಫಾಂಟು ಇಲ್ಲದ ಕಡೆ ಮುಖವಾಡ ಕಳಚಿ ಬೀಳುತ್ತದೆ. ಅಣ್ಣ ಬಳಸಿದ ಫಾಂಟಿನಲ್ಲಿ 'ನ' ಅಕ್ಷರಕ್ಕೆ ಪೌಂಡ್ ಚಿಹ್ನೆಯ ಜಾಗ. ಅಂದರೆ 'ಕನ್ನಡ' ಎಂಬ ಮಾತಿನ ನಟ್ಟನಡುವೆಯೇ ಒಂದು ಪೌಂಡು!

ಇದು ಹಳೇ ಕಾಲದ ಕತೆ ಎಂದು ನೀವು ನಗಬಹುದು. ಹಳೇ ಕಾಲದ್ದಾಗಿದ್ದರೆ ನಾನೂ ನಗುತ್ತಿದ್ದೆ. ಮೊನ್ನೆ ಮೊನ್ನೆ ನಮ್ಮ ಜಿಲ್ಲೆಯ ಒಂದು ಸಂಸ್ಥೆಯವರು ಸ್ಮರಣ ಸಂಚಿಕೆಗೆ ಲೇಖನ ಕೇಳಿದರು. ಮೊಬೈಲಿನಲ್ಲೇ ಟೈಪ್ ಮಾಡಿ ಕಳಿಸಿದೆ. "ಯೂನಿಕೋಡ್ ಬೇಡಿ ಸಾರ್, ನಮ್ಮ ಡಿಟಿಪಿ ಹುಡುಗನಿಗೆ ಆಗೋದಿಲ್ಲ, ಹಳೇ ಫಾಂಟಲ್ಲಿ ಕೊಡಿ" ಎಂದು ಉತ್ತರ ಬಂತು. ಸರಿಯಾದ ಕನ್ನಡವನ್ನು ಕೆಡಿಸಿ ಕೊಡಿ ಎಂದು ಕನ್ನಡದ ಸಂಸ್ಥೆಯೇ ಕೇಳುವುದು! ನನ್ನ ಜಗಳ ಇರುವುದು ಇದರ ಜತೆ, ಊರಿನಲ್ಲಿರುವ ನಿಮ್ಮ ಜತೆ.

ಲೆಕ್ಕ ಸ್ವಲ್ಪ ನೋಡೋಣ. ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಅದರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 3200ರಿಂದ 3327ರವರೆಗಿನ ಸಂಖ್ಯೆಗಳು ನಮ್ಮವು. 'ಕ' ಅಕ್ಷರದ ಸಂಖ್ಯೆ 3221. ಮುಂಬಯಿಯಲ್ಲಿರಲಿ, ಮಂಡ್ಯದಲ್ಲಿರಲಿ, ಅಮೆರಿಕದಲ್ಲಿರಲಿ, 3221 ಅಂದರೆ 'ಕ' ಮಾತ್ರ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಕನ್ನಡ ಫಾಂಟ್ ಇತ್ತು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದದ್ದೂ ಯೂನಿಕೋಡಿನಿಂದಲೇ.

ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದಾಗ ಒಂದೊಂದು ಶಾಖೆಗೂ ಅದರದೇ ಲೆಡ್ಜರು. ಶಿವಮೊಗ್ಗದ ಖಾತೆದಾರ ದಾದರಿನ ಶಾಖೆಗೆ ಬಂದು ಪಾಸ್‌ಬುಕ್ ತೋರಿಸಿದರೆ ಕೈ ಮುಗಿದು ವಾಪಸು ಕಳಿಸುತ್ತಿದ್ದೆವು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಖಾತೆಯ ಸಂಖ್ಯೆ ಒಂದೇ, ಯಾವ ಶಾಖೆಗೆ ಹೋದರೂ ದುಡ್ಡು ನಿಮ್ಮದೇ. ಯೂನಿಕೋಡ್ ಎಂದರೆ ಅಕ್ಷರಗಳ ಕೋರ್ ಬ್ಯಾಂಕಿಂಗ್. ಹಳೇ ಫಾಂಟು ಹಿಡಿದುಕೊಂಡು ಕೂತವರು ಇವತ್ತಿಗೂ ಒಂದೇ ಶಾಖೆಯಲ್ಲಿ ನಡೆಯುವ ಪಾಸ್‌ಬುಕ್ ಬರೆಯುತ್ತಿದ್ದಾರೆ.

ಹಳೆಯವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಕೆ.ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸ ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಬೇರೇನೂ ಇಲ್ಲದಾಗ ನಮಗೆ ದಾರಿ ತೋರಿಸಿದ್ದು ಇವೇ. ಆದರೆ 'ಬರಹ', 'ನುಡಿ' ಎರಡೂ ಯೂನಿಕೋಡಿಗೆ ಬಂದು ಎಷ್ಟೋ ಕಾಲವಾಯಿತು. ಮಾಡಿದವರೇ ಮುಂದೆ ಹೋದರು, ಬಳಸುವವರು ಮಾತ್ರ ಅಲ್ಲೇ ನಿಂತಿದ್ದಾರೆ ಅಂದರೆ ತಪ್ಪು ಯಾರದು?

ನೀವು ಹೇಳುವ ನೆಪಗಳನ್ನೆಲ್ಲ ಕೇಳಿದ್ದೇನೆ. ಮೊದಲನೆಯದು, ಬೆರಳಿಗೆ ಅಭ್ಯಾಸವಾಗಿದೆ ಎನ್ನುವುದು. ಸ್ವಾಮೀ, ಕೀಲಿಮಣೆ ಬದಲಾಗುವುದೇ ಇಲ್ಲ. ಅದೇ ಕೆ.ಪಿ. ರಾವ್ ವಿನ್ಯಾಸದಲ್ಲಿ ಯೂನಿಕೋಡೂ ಬರುತ್ತದೆ. ಬದಲಾಯಿಸಬೇಕಾದ್ದು ಒಂದು ಆಯ್ಕೆ ಮಾತ್ರ. ಎರಡನೆಯದು, ಪುಟವಿನ್ಯಾಸದ ತಂತ್ರಾಂಶ ಒಪ್ಪುವುದಿಲ್ಲ ಎನ್ನುವುದು. ಪೇಜ್‌ಮೇಕರ್ ಒಪ್ಪುವುದಿಲ್ಲ, ನಿಜ. ಆದರೆ ಅದರ ಕೊನೆಯ ಆವೃತ್ತಿ 7 ಬಂದದ್ದೇ 2001ರಲ್ಲಿ. 2012ರ ಇನ್‌ಡಿಸೈನ್ ಸಿಎಸ್6ರಿಂದಲೇ ಭಾರತದ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಇದೆ. ಮೂರನೆಯದು, ಪಿಡಿಎಫ್ ಮಾಡಿ ಕಳಿಸುತ್ತೇವಲ್ಲ, ಸಾಲದೇ ಎನ್ನುವುದು. ಸಾಲದು. ಹಳೇ ಫಾಂಟಿನ ಪಿಡಿಎಫ್ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅದೇ ಪೌಂಡು ಟೋಪಿ. ಅದರಲ್ಲಿ ಒಂದು ಹೆಸರು ಹುಡುಕಿ ನೋಡಿ, ಸಿಗುವುದಿಲ್ಲ. ಒಂದು ಸಾಲು ನಕಲು ಮಾಡಿ ಇನ್ನೊಂದು ಕಡೆ ಅಂಟಿಸಿ ನೋಡಿ, ಗೊತ್ತಾಗುತ್ತದೆ.

ಇದೆಲ್ಲ ಡಿಟಿಪಿಯವರ ತಾಪತ್ರಯ, ನಮಗೇನು ಅನ್ನಬೇಡಿ. ಕಣ್ಣು ಕಾಣದವರು ಕಂಪ್ಯೂಟರಿನಿಂದ ಓದಿಸಿಕೊಳ್ಳುತ್ತಾರೆ. ಹಳೇ ಫಾಂಟಿನ ಪುಸ್ತಕ ಅವರಿಗೆ ಮುಚ್ಚಿದ ಬಾಗಿಲು. ಈಗ ಊರೆಲ್ಲ ಎಐ, ಎಐ ಎನ್ನುತ್ತಿದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ, "ಅದಕ್ಕೆ ಕನ್ನಡ ಸರಿಯಾಗಿ ಬರೋಲ್ಲ" ಎಂದು ನಾವು ದೂರುತ್ತಲೇ ಇದ್ದೇವೆ. ಅದು ಕಲಿಯುವುದು ಕಂಡ ಬರಹದಿಂದ. ದಶಕಗಟ್ಟಲೆ ನಮ್ಮ ಕತೆ, ವಿಮರ್ಶೆ, ಸ್ಮರಣ ಸಂಚಿಕೆಗಳನ್ನು ಮುಖವಾಡದೊಳಗೆ ಬಚ್ಚಿಟ್ಟು, ಯಂತ್ರ ನಮ್ಮನ್ನು ಗುರುತಿಸಲಿಲ್ಲ ಎಂದು ಅತ್ತರೆ ಹೇಗೆ?

ಹೊರನಾಡಿನವರಾದ ನಮಗೆ ಇದಕ್ಕಿಂತ ಹತ್ತಿರದ ಸಂಕಟ ಇನ್ನೊಂದಿದೆ. ನನ್ನ ಮೊಮ್ಮಗಳು ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ನಾನೂ ಕಲಿಸಲಿಲ್ಲ, ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಅವಳ ಫೋನಿಗೆ ಕನ್ನಡ ಓದಲು ಬರುತ್ತದೆ. ಯೂನಿಕೋಡಿನಲ್ಲಿದ್ದರೆ ಗಟ್ಟಿಯಾಗಿ ಓದಿ ಹೇಳುತ್ತದೆ. ಅಣ್ಣನ ಕಡತವನ್ನು ಪಕ್ಕದ ಮನೆಯ ಹುಡುಗ ಪರಿವರ್ತಕ ತಂತ್ರಾಂಶ ಹಾಕಿ ಅರ್ಧ ಗಂಟೆಯಲ್ಲಿ ಯೂನಿಕೋಡಿಗೆ ತಂದುಕೊಟ್ಟ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಟ್ಟಿದ್ದವು. ಮೂರು ವಾರ ಕೂತು ನಾನೇ ತಿದ್ದಿದೆ. ಹಾಗೆ ತಿದ್ದುತ್ತಲೇ ಅಣ್ಣನನ್ನು ಓದಿದ್ದಾಯಿತು, ಹನ್ನೊಂದು ವರ್ಷ ತಡವಾಗಿ. ಒಂದು ಸಂಜೆ ಮೊಮ್ಮಗಳು ಫೋನ್ ಹಿಡಿದು ಬಂದು, "ಅಜ್ಜ, ನಿನ್ನ ಅಜ್ಜಿ ಹಾವಿನ ವಿಷ ಇಳಿಸ್ತಿದ್ರಾ?" ಎಂದು ಕೇಳಿದಳು. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ, ನಮ್ಮಣ್ಣ ಹೇಳಿದ್ದ.

ಆದ್ದರಿಂದ ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ, ಸಂಘದಲ್ಲಿ, ಮಠದಲ್ಲಿ, ಪಂಚಾಯಿತಿಯಲ್ಲಿ ಹಳೇ ಫಾಂಟಿನ ಕಡತಗಳಿದ್ದರೆ ಪರಿವರ್ತಿಸಿ ಇಡಿ. ಯಾವ ಫಾಂಟು ಎಂದು ನೆನಪಿರುವವರು ಬದುಕಿರುವಾಗಲೇ ಮಾಡಿ, ಸೀಡಿ ಇನ್ನೂ ತೆರೆಯುವಾಗಲೇ ಮಾಡಿ. ಪುಸ್ತಕ ಅಚ್ಚು ಹಾಕಿಸುವವರು ಮುದ್ರಕರಿಂದ ಯೂನಿಕೋಡ್ ಪ್ರತಿಯನ್ನು ಕೇಳಿ ತೆಗೆದುಕೊಳ್ಳಿ. ಕೊಡುವುದಿಲ್ಲ ಅಂದರೆ ಬೇರೆ ಮುದ್ರಕರನ್ನು ನೋಡಿ. ನವೆಂಬರ್ ಬಂದಾಗ ಬಾವುಟ ಹಾರಿಸಿ, ಬೇಡ ಅನ್ನುವುದಿಲ್ಲ. ಆದರೆ ಆ ಸಮಾರಂಭದ ಆಮಂತ್ರಣ ಪತ್ರಿಕೆಯನ್ನಾದರೂ ಕನ್ನಡದಲ್ಲೇ ಬರೆಯಿರಿ, ಪೌಂಡುಗಳಲ್ಲಿ ಬೇಡ.