ಮೊದಲ ಬುಟ್ಟಿ ಊರಿಗೆ

ಬೆಳಗಾವಿಯ ಒಂದು ಮಾಲಿನ ತರಕಾರಿ ವಿಭಾಗ. ಆಷಾಢದ ಸಂಜೆ, ಏಳೂವರೆ ಹೊತ್ತು. ಹಸಿರು ಕ್ರೇಟಿನ ಮೇಲೆ ಮೆಂತೆ ಎಂಬ ಚೀಟಿ ಇದೆ, ಒಳಗೆ ಮೆಂತೆ ಇಲ್ಲ. ಪಾಲಕ್ ಇರಬೇಕಾದಲ್ಲಿ ಒದ್ದೆ ಬೇರು, ಎರಡು ರಬ್ಬರ್ ಬ್ಯಾಂಡು. ಉಳಿದಿದ್ದ ಒಂದೇ ಕಟ್ಟು ಕೊತ್ತಂಬರಿಯನ್ನು ಮೂರು ಜನ ಎತ್ತಿ, ಮೂಸಿ, ಅಲ್ಲೇ ಇಟ್ಟು ಹೋದರು. ಪಕ್ಕದ ಸಾಲಿನಲ್ಲಿ ಮಾತ್ರ ಜಾತ್ರೆ: ವಿದೇಶದ ಕಿವಿ, ವಿದೇಶದ ಸೇಬು, ಒಂದೊಂದಕ್ಕೂ ಸ್ಟಿಕರ್. ಸಮುದ್ರ ದಾಟಿದ ಹಣ್ಣು ಬಂದು ಕೂತಿದೆ, ಇಪ್ಪತ್ತಾರು ಕಿಲೋಮೀಟರ್ ಆಚೆಯ ಖಾನಾಪುರದ ಒಂದು ಎಲೆಯೂ ಅಲ್ಲಿಲ್ಲ. ಕೇಳಿದರೆ ಹುಡುಗ ಹೇಳಿದ: “ನಾಳೆ ಮುಂಜಾನೆ ಬರ್ರಿ. ಗಾಡಿ ಬಂದ್ರ ಇರತೈತಿ.”

ಗಾಡಿ ಬಂದ್ರ. ಈ ಎರಡು ಮಾತು, ಈ ಊರಿನಲ್ಲಿ ಕಾಯಿಪಲ್ಯ ಕೊಂಡು ತಿನ್ನುವ ನಮ್ಮನ್ನು ಈ ಚಳವಳಿಗೆ ಒಂದೆಡೆ ಸೇರಿಸಿದವು.

ಅದೇ ವಾರ, ಅದೇ ಮಳೆಯಲ್ಲಿ, ಪೇಟೆಯ ಒಂದು ಅಂಗಡಿಯ ಕಟ್ಟೆಯ ಕೆಳಗೆ ಜಾಂಬೋಟಿ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಗೊಬ್ಬರದ ಚೀಲ ಮಡಚಿ ತಲೆಗೆ ಕೊಪ್ಪೆ ಮಾಡಿಕೊಂಡಿದ್ದಳು. ಮುಂದೆ ಬಿದಿರ ಬುಟ್ಟಿ, ಅದರಲ್ಲಿ ಸಾಗುವಾನಿ ಎಲೆಯ ಮೇಲೆ ಅಳಂಬಿ ಎಂಬ ಅಣಬೆ ಗುಂಪುಗುಂಪು. ಬುಡದ ಮಣ್ಣು ಇನ್ನೂ ಹಸಿ. ಒಂದು ಮೂಲೆಯಲ್ಲಿ ಕೆಸುವಿನೆಲೆ, ನಾಲ್ಕು ಕಳಲೆ. ಅರ್ಧ ತಾಸಿನಲ್ಲಿ ಬುಟ್ಟಿ ಬರಿದಾಯಿತು. ಬರಿದಾದ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕೂತು ರೊಕ್ಕ ಎಣಿಸಿ, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಮತ್ತೊಮ್ಮೆ ಎಣಿಸಿ ಎದ್ದಳು. ಊರಿಗೆ ತಾಜಾ ಆಹಾರ ಹೇಗೆ ಬರಬೇಕು ಎಂಬುದಕ್ಕೆ ನಮ್ಮ ಬಳಿ ಇರುವ ಮಾದರಿ ಇಷ್ಟೇ. ಇದಕ್ಕಿಂತ ದೊಡ್ಡ ಯೋಜನಾ ವರದಿ ನಾವು ಬರೆಸಿಲ್ಲ.

ಬೆಳಗಾವಿ ಕಾಯಿಪಲ್ಯಕ್ಕೆ ಬರಗೆಟ್ಟ ಊರಲ್ಲ. ಕಡೋಲಿ ಸೀಮೆಯ ಬಟಾಟೆ, ಕೋಸು ಎಲ್ಲರಿಗೂ ಗೊತ್ತು. ಖಾನಾಪುರದ ಕೆಂಪು ಮಣ್ಣಿನ ಗೆಣಸು ಬೆಳಗಾವಿ ಎಪಿಎಂಸಿಯಲ್ಲಿ ಲಾರಿ ಹತ್ತಿ ಉತ್ತರ ಭಾರತದವರೆಗೆ ಹೋಗುತ್ತದೆ. ಚೋರ್ಲಾ ಮತ್ತು ಅನಮೋಡ್ ಘಾಟುಗಳಲ್ಲಿ ಇಳಿಯುವ ಕಾಯಿಪಲ್ಯದ ಗಾಡಿಗಳಿಂದಲೇ ಗೋವಾದ ಅಡುಗೆಮನೆ ನಡೆಯುತ್ತದೆ. ಅಲ್ಲಿಯ ಸರ್ಕಾರ ಗೋವಾ ರಾಜ್ಯ ತೋಟಗಾರಿಕೆ ನಿಗಮವನ್ನು ಇಟ್ಟುಕೊಂಡಿದೆ. ಅದು ಬೆಳಗಾವಿಯಲ್ಲಿ ಖರೀದಿಸಿ, ತನ್ನ ಊರೂರ ಮಳಿಗೆಗಳಲ್ಲಿ ಸಬ್ಸಿಡಿ ದರಕ್ಕೆ ಮಾರುತ್ತದೆ. ನಮ್ಮ ಟೊಮ್ಯಾಟೊ ಪಣಜಿಯ ಬಡವನಿಗೆ ಯಾವ ದರದಲ್ಲಿ ಸಿಗಬೇಕೆಂದು ಯೋಚಿಸುವ ಒಂದು ಕಚೇರಿ ಇದೆ. ಬೆಳಗಾವಿಯ ವಡಗಾಂವದ ನೇಕಾರನಿಗೆ ಯಾವ ದರದಲ್ಲಿ ಸಿಗಬೇಕೆಂದು ಯೋಚಿಸುವ ಕಚೇರಿ ಯಾವುದು? ಟೊಮ್ಯಾಟೊ ಕಿಲೋಗೆ ನೂರು ದಾಟಿದ 2023ರ ಜುಲೈಯಲ್ಲಿ ಈ ಪ್ರಶ್ನೆ ಪ್ರತಿ ಮನೆಯ ಒಲೆಯ ಮುಂದೆ ಇತ್ತು.

ತಪ್ಪು ತಿಳಿಯಬೇಡಿ, ಗೋವಾದ ಮೇಲೆ ನಮಗೆ ಸಿಟ್ಟಿಲ್ಲ. ಗೋವಾ ಕೊಳ್ಳದಿದ್ದರೆ ನಮ್ಮ ರೈತ ಉಳಿಯುವುದಿಲ್ಲ. ಅದನ್ನು 2020ರ ಮಾರ್ಚ್ ಕಲಿಸಿದೆ. 22ರಂದು ಜನತಾ ಕರ್ಫ್ಯೂ, 25ರಿಂದ ದೇಶಕ್ಕೇ ಬೀಗ. ಘಾಟಿನಲ್ಲಿ ಗಾಡಿ ನಿಂತಿತು, ಗೋವಾದ ಅಂಗಡಿಗಳಲ್ಲಿ ರ‍್ಯಾಕು ಬರಿದಾದವು. ಘಾಟಿನ ಮೇಲೆ, ನಮ್ಮ ಹೊಲಗಳಲ್ಲಿ, ಕೊಳ್ಳುವವರಿಲ್ಲದೆ ಕೋಸಿನ ಗಡ್ಡೆ ಒಡೆದು ಹೂವಾಯಿತು. ಹಸಿದವನೂ ಬೆಳೆದವನೂ ಒಂದೇ ಹಗ್ಗದ ಎರಡು ತುದಿ ಹಿಡಿದು ನಿಂತಿದ್ದರು. ಆ ಹಗ್ಗ ಒಂದೇ ಇದ್ದದ್ದು, ಅದೂ ಅಷ್ಟು ಉದ್ದ ಇದ್ದದ್ದು ನಮ್ಮ ತಕರಾರು.

ಹಗ್ಗ ಕಡಿಯಲು ಮಹಾಮಾರಿಯೇ ಬರಬೇಕೆಂದಿಲ್ಲ, ಒಂದು ದೊಡ್ಡ ಮಳೆ ಸಾಕು. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿಯ ಮೇಲೆ ಹರಿದಳು. ಪುಣೆ–ಬೆಂಗಳೂರು ರಸ್ತೆ ಬಂದ್. ದೊಡ್ಡ ಮಳಿಗೆಗಳ ತರಕಾರಿ ಹಲವು ಸಲ ಬೇರೆ ಊರಿನ ಸಂಗ್ರಹ ಕೇಂದ್ರಕ್ಕೆ ಹೋಗಿ, ಸೋಸಿ, ಪ್ಲಾಸ್ಟಿಕ್ ಸುತ್ತಿಸಿಕೊಂಡು ಬರುತ್ತದೆ. ನಮ್ಮ ಹೊಲದ ಬದನೆ ಪರವೂರಿಗೆ ಹೋಗಿ ಪರಕೀಯಳಾಗಿ ತವರಿಗೆ ಬರುವ ಕಥೆ ಇದು. ರಸ್ತೆ ಮುಚ್ಚಿದರೆ ಅವಳು ಬರುವುದೂ ಇಲ್ಲ.

ಇನ್ನು ಹೊಲದ ಮಾತು. ಶಹಾಪುರ, ವಡಗಾಂವ, ಅನಗೋಳ, ಯಳ್ಳೂರಿನ ಕರಿಮಣ್ಣು ಬೆಳಗಾವಿ ಬಾಸುಮತಿಯನ್ನು ಬೆಳೆದ ಮಣ್ಣು. ಭತ್ತ ಕೊಯ್ದ ಮೇಲೆ, ಉಳಿದ ತೇವದಲ್ಲೇ ಮಸೂರ, ವಟಾಣಿ, ಕಡಲೆ ಕೊಡುತ್ತಿದ್ದ ಮಣ್ಣು. ಹಲಗಾ–ಮಚ್ಛೆ ಬೈಪಾಸ್ ಈ ಮಣ್ಣನ್ನೇ ಸೀಳಿತು. ರೈತರು ವರ್ಷಗಟ್ಟಲೆ ಕೋರ್ಟು, ಬೀದಿ ಎರಡನ್ನೂ ಅಲೆದರು. ರಸ್ತೆಯಿಂದ ಉಳಿದದ್ದಕ್ಕೆ ಬಳ್ಳಾರಿ ನಾಲೆ ಇದೆ. ಊರ ಕೊಳಚೆಯನ್ನೆಲ್ಲ ಹೊತ್ತು ಪ್ರತಿ ಮಳೆಗಾಲ ಹೊಲಕ್ಕೆ ಉಕ್ಕುತ್ತದೆ. ನಾವು ತೊಳೆದು ಚೆಲ್ಲಿದ್ದು ನಮ್ಮ ತಾಟಿಗೆ ಬೆಳೆಯಬೇಕಾದವರ ಪೈರಿನ ಮೇಲೆ ಬೀಳುತ್ತದೆ. ಇದನ್ನು ಬರೆಯುವಾಗ ನಮಗೆ ನಾಚಿಕೆ ಇದೆ, ಏಕೆಂದರೆ ನಮ್ಮಲ್ಲಿ ಅರ್ಧ ಜನ ಇದೇ ಹೊಲಗಳ ಮೇಲೆ ಎದ್ದ ಬಡಾವಣೆಗಳಲ್ಲಿ ಸೈಟು ಕೊಂಡವರು.

ಒಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇವೆ. ದಿನಕ್ಕೆ ಒಬ್ಬರಿಗೆ ಹಣ್ಣು, ತರಕಾರಿ ಸೇರಿ ಕನಿಷ್ಠ 400 ಗ್ರಾಂ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2011ರ ಜನಗಣತಿಯಲ್ಲಿ ಬೆಳಗಾವಿ ಮಹಾನಗರ ಪಾಲಿಕೆಯ ಜನಸಂಖ್ಯೆ ಸುಮಾರು 4.88 ಲಕ್ಷ. ಗುಣಿಸಿ: ದಿನಕ್ಕೆ 195 ಟನ್. ಅದು ಆಗಿನ ಜನಕ್ಕೆ. ಈ ಊರಿಗೆ ಎಷ್ಟು ನೀರು ಬೇಕು, ರಕ್ಕಸಕೊಪ್ಪ ಜಲಾಶಯದಲ್ಲಿ ಎಷ್ಟು ಅಡಿ ಇದೆ ಎಂದು ಪ್ರತಿ ಬೇಸಿಗೆ ಪತ್ರಿಕೆಯಲ್ಲಿ ಓದುತ್ತೇವೆ. ಎಷ್ಟು ಸೊಪ್ಪು ಬೇಕು, ಎಷ್ಟು ಬಂತು ಎಂಬುದನ್ನು ಓದಿದ ನೆನಪು ನಮ್ಮಲ್ಲಿ ಯಾರಿಗೂ ಇಲ್ಲ.

ಖಾನಾಪುರದ ಬಗ್ಗೆ ಸುಳ್ಳು ಆಸೆ ಹುಟ್ಟಿಸಲು ನಮಗೆ ಮನಸ್ಸಿಲ್ಲ. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟುವ ತಾಲೂಕು ಅದು. ಮಳೆಗಾಲದಲ್ಲಿ ಗದ್ದೆಯೆಲ್ಲ ಭತ್ತಕ್ಕೆ ಹೋಗುತ್ತದೆ, ಬಯಲಲ್ಲಿ ಬಿತ್ತಿದ ಮೆಂತೆ ಮೂರು ದಿನಕ್ಕೆ ಕೊಳೆಯುತ್ತದೆ. ಆನೆ, ಕಾಟಿ, ಹಂದಿ, ಮಂಗ ತಮ್ಮ ಪಾಲು ಮೊದಲೇ ಎತ್ತಿಕೊಳ್ಳುತ್ತವೆ. 2011ರಲ್ಲಿ ವನ್ಯಜೀವಿ ಧಾಮವಾದ ಭೀಮಗಡದ ಒಳಗಿನ ಗವ್ವಾಳಿ, ಆಮಗಾಂವ, ಕೃಷ್ಣಾಪುರದಂಥ ಊರುಗಳಿಗೆ ಮಳೆಗಾಲದಲ್ಲಿ ಹಳ್ಳ ದಾಟಿ ಹೋಗುವುದೇ ಕಷ್ಟ. ಅಂಥ ಊರಿನವರು ಮಿರಗದ ಮಳೆ ಕೂಡುವ ಮೊದಲೇ ಅಕ್ಕಿ, ಬೇಳೆ, ಹಲಸಿನ ಬೀಜ, ಸಂಡಿಗೆ, ಒಣಮೀನು ಕೂಡಿಡುತ್ತಾರೆ. ಕೊರತೆಯನ್ನು ಮುಂಚೆಯೇ ಎಣಿಸಿ ಬಾಳುವವರು. ನಗರದಲ್ಲಿ ಕೂತ ನಾವು ನಾಳೆಯ ಸಾರಿಗೆ ನಾಳೆಯ ಗಾಡಿಯನ್ನು ನಂಬಿದವರು.

ಹಾಗಾಗಿ ಕೇಳುವುದನ್ನು ನೇರವಾಗಿ ಕೇಳುತ್ತೇವೆ. ಬೆಳಗಾವಿಯ ಸಗಟು ಮಾರುಕಟ್ಟೆಯಲ್ಲಿ, ಅದು ಸರ್ಕಾರಿಯಾಗಿರಲಿ ಖಾಸಗಿಯಾಗಿರಲಿ, ಸವಾಲಿನ ಮೊದಲ ಒಂದು ತಾಸು ಈ ಜಿಲ್ಲೆಯ ಚಿಲ್ಲರೆ ಮಾರುವವರಿಗೆ ಮೀಸಲಿರಲಿ, ಹೊರಗಿನ ಗಾಡಿಗಳು ಆಮೇಲೆ ತುಂಬಿಕೊಳ್ಳಲಿ. ಆಯ್ದ ಮಾಲೆಲ್ಲ ಹೊರಟ ಮೇಲೆ ಉಳಿದ ಜೊಳ್ಳನ್ನು ತಳ್ಳುಗಾಡಿಯವನು ಹೊತ್ತು ತರುವುದು, ಅದಕ್ಕೆ ನಾವು ಮೂಗು ಮುರಿಯುವುದು ಸಾಕಾಗಿದೆ. ಇದರಿಂದ ರೈತನಿಗೆ ಒಂದು ರೂಪಾಯಿಯೂ ಕಡಿಮೆಯಾಗಬಾರದು. ಆ ತಾಸಿನ ದರ ಹಿಂದಿನ ದಿನದ ಸರಾಸರಿಗಿಂತ ಕೆಳಗಿಳಿದರೆ ವ್ಯತ್ಯಾಸವನ್ನು ಕೊಳ್ಳುವ ನಾವು ತುಂಬಬೇಕು ಎಂಬುದು ನಮ್ಮೊಳಗಿನ ಕರಾರು. ಇದು ನಮ್ಮಲ್ಲೇ ಎಲ್ಲರಿಗೂ ಹಿಡಿಸಿಲ್ಲ, ಮೂರು ಸಂಜೆ ಜಗಳವಾಗಿದೆ. ಆದರೂ ಬರೆದಿಟ್ಟಿದ್ದೇವೆ.

ಖಾನಾಪುರ, ಜಾಂಬೋಟಿ, ನಂದಗಡ, ಲೋಂಡಾ ಕಡೆಯಿಂದ ಬರುವ ಮುಂಜಾನೆಯ ಮೊದಲ ಬಸ್ಸುಗಳಲ್ಲಿ ಬುಟ್ಟಿ ಇಡಲು ಜಾಗ ಬೇಕು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಹಣ ಇಲ್ಲ, ಒಳ್ಳೆಯದಾಯಿತು. ಅವರ ಜೊತೆಗೆ ಅವರ ಬುಟ್ಟಿಯೂ ಹತ್ತಲಿ. ಹಿಂದಿನ ಒಂದು ಸಾಲು ಸೀಟು ಕಿತ್ತರೆ ಸಾಕು.

ಇಳಿದ ಮೇಲೆ ಕೂರಲು ನೆಲ ಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿ: ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಬೆಳಗಾವಿ ಪಾಲಿಕೆಯೂ ಖಾನಾಪುರ ಪಟ್ಟಣ ಪಂಚಾಯಿತಿಯೂ ಹಳ್ಳಿಯಿಂದ ಬುಟ್ಟಿ ಹೊತ್ತು ಬರುವವರನ್ನು ಆ ಲೆಕ್ಕದಲ್ಲಿ ಹಿಡಿಯಲಿ. ತಗಡಿನ ಸೂರು, ಒಂದು ನಲ್ಲಿ, ಒಂದು ಶೌಚಾಲಯ. ಅದಕ್ಕಿಂತ ಹೆಚ್ಚು ಕೇಳಿದವರನ್ನು ನಾವು ನೋಡಿಲ್ಲ.

ಮಳೆಗಾಲದ ಸೊಪ್ಪಿಗೆ ಬಿದಿರು, ಪಾರದರ್ಶಕ ಹಾಳೆಯ ಸಾದಾ ಮಳೆಮಾಡು ಸಾಕು. ದೊಡ್ಡ ಪಾಲಿಹೌಸಿನ ಸಾಲ ಗುಂಟೆ ಲೆಕ್ಕದ ಹೆಂಗಸಿಗೆ ಬೇಡ. ಸಣ್ಣ ಮಾಡಿಗೆ ತೋಟಗಾರಿಕೆ ಇಲಾಖೆ ನೆರವು ಕೊಡಲಿ. ನಗರದ ಸುತ್ತ ಉಳಿದ ಕರಿಮಣ್ಣನ್ನು ಮಹಾಯೋಜನೆಯ ನಕ್ಷೆಯಲ್ಲಿ ಹಸಿರು ಬಣ್ಣದಿಂದ ಗುರುತಿಸಿ, ಆ ಬಣ್ಣ ಅಳಿಸದ ಹಾಗೆ ಮಾಡಲಿ. ಮಾಲಿನವರಿಗೆ ಒಂದೇ ಮಾತು: ನಿಮ್ಮ ಕ್ರೇಟು ತುಂಬಿಕೊಡುತ್ತೇವೆ, ಎಂಟು ದಿನದೊಳಗೆ ರೊಕ್ಕ ಕೊಡಿ.

ನಮ್ಮ ಮೇಲೂ ಭಾರ ಇದೆ. ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲಿ ಒಂದಾದ ಗದಗಿನ ಕಣಗಿನಹಾಳದ ಸಂಘ 1905ರಲ್ಲಿ ಹುಟ್ಟಿದಾಗ ಸಿದ್ದನಗೌಡ ಪಾಟೀಲರೂ ಅವರ ಊರವರೂ ಸರ್ಕಾರ ಬಂದು ಮಾಡಲಿ ಎಂದು ಕಾದು ಕೂರಲಿಲ್ಲ. ಈ ಚಳವಳಿ ಸೇರುವ ಪ್ರತಿ ಮನೆ ವಾರದ ಕಾಯಿಪಲ್ಯದ ಹಣವನ್ನು ಮೊದಲೇ ಕೊಡುತ್ತದೆ. ಬುಟ್ಟಿಯಲ್ಲಿ ಏನು ಬಂತೋ ಅದನ್ನು ತಿನ್ನುತ್ತದೆ. ಆಷಾಢದಲ್ಲಿ ಕೆಸು, ತಗಟೆ ಸೊಪ್ಪು, ಅಳಂಬಿ. ಚಳಿಗಾಲದಲ್ಲಿ ಮೆಂತೆ, ವಟಾಣಿ. ಬೇಸಿಗೆಯ ಕೊನೆಗೆ ಕವಳಿ, ನೇರಳೆ, ಹಲಸು. ಜುಲೈಯಲ್ಲಿ ಹೂಕೋಸೇ ಬೇಕೆಂದು ಹಟ ಹಿಡಿಯುವಂತಿಲ್ಲ. ಸೊಪ್ಪಿನ ಕಟ್ಟಿಗೆ ಚೌಕಾಶಿ ಇಲ್ಲ. ಚೌಕಾಶಿ ಬೇಕಾದವರು ಮೊಬೈಲ್ ಅಂಗಡಿಯಲ್ಲಿ ಮಾಡಿ ಬರಲಿ, ನೋಡೋಣ.

ಕನ್ನಡದವರ ಚಳವಳಿಯೋ ಮರಾಠಿಯವರದೋ ಎಂದು ಈ ಊರಿನಲ್ಲಿ ಮೊದಲು ಕೇಳುತ್ತಾರೆ. ಈ ಪ್ರಣಾಳಿಕೆಯ ಮರಾಠಿ ಪ್ರತಿಯನ್ನೂ ಇದರ ಜೊತೆಗೇ ಹಂಚುತ್ತಿದ್ದೇವೆ. ಸಂಘದ ಹೆಸರು ಇನ್ನೂ ಇಟ್ಟಿಲ್ಲ. ಅಧ್ಯಕ್ಷರಿಲ್ಲ, ಶಾಲು ಹಾರದ ಖರ್ಚಿಲ್ಲ. ಸದ್ಯಕ್ಕೆ ಒಂದು ತಕ್ಕಡಿ, ಒಂದು ವಹಿ ಇದೆ.

ಮುಂಜಾನೆ ಖಾನಾಪುರದ ಮೊದಲ ಬಸ್ಸು ಬೆಳಗಾವಿ ಮುಟ್ಟುವ ಹೊತ್ತಿಗೆ ನಾವು ನಿಲ್ದಾಣದ ಹೊರಗೆ ಬುಟ್ಟಿ ಇಳಿಸಿಕೊಳ್ಳಲು ನಿಂತಿರುತ್ತೇವೆ. ಬನ್ನಿ. ಕೈಚೀಲ ತನ್ನಿ, ಚಿಲ್ಲರೆ ತನ್ನಿ.