ಶ್ರೀಗಂಧ: ಕಳ್ಳರಿಂದಷ್ಟೇ ಕಾದರೆ ಸಾಕೇ?

ಶ್ರೀಗಂಧದ ಮರಕ್ಕೆ ಬರುವ ಕಾಯಿಲೆಗಳಲ್ಲಿ ಸ್ಪೈಕ್ ರೋಗದಷ್ಟು ಮಾರಕವಾದದ್ದು ಬೇರೆ ಇಲ್ಲ. ಮೊದಮೊದಲು ಯಾವುದೋ ಒಂದು ಕೊಂಬೆಯ ತುದಿಯಲ್ಲಿ ಚಿಗುರೆಲೆಗಳು ಚಿಕ್ಕದಾಗಿ, ಮಾಸಲು ಹಳದಿಯಾಗಿ ಹುಟ್ಟುತ್ತವೆ. ಮುಂದಿನ ಚಿಗುರಿನಲ್ಲಿ ಅವು ಇನ್ನೂ ಸಣ್ಣವಾಗುತ್ತವೆ. ಗೆಣ್ಣಿನಿಂದ ಗೆಣ್ಣಿಗೆ ಇರುವ ಅಂತರ ಕುಗ್ಗುತ್ತಾ ಬಂದು, ಕೊನೆಗೆ ಗಡುಸಾದ ಕಿರಿ ಎಲೆಗಳು ಕಡ್ಡಿಯ ಸುತ್ತ ಒತ್ತೊತ್ತಾಗಿ ನೆಟ್ಟಗೆ ನಿಲ್ಲುತ್ತವೆ. ಹೂವು ಬಂದರೂ ಅದರ ಭಾಗಗಳು ಹಸಿರು ಎಲೆಯ ರೂಪ ತಾಳುತ್ತವೆ, ಕಾಯಿ ಕಟ್ಟುವುದಿಲ್ಲ. ಎಲೆಯಲ್ಲಿ ತಯಾರಾದ ಪಿಷ್ಟ ಕೆಳಗಿಳಿಯದೆ ಅಲ್ಲೇ ತುಂಬಿಕೊಳ್ಳುತ್ತದೆ. ಇತ್ತ ನೆಲದೊಳಗೆ ಬೇರಿನ ತುದಿಗಳು ಸಾಯುತ್ತವೆ. ಶ್ರೀಗಂಧ ಅರೆಪರಾವಲಂಬಿ ಮರ. ಪಕ್ಕದ ಗಿಡಗಳ ಬೇರಿಗೆ ತನ್ನ ಹೀರುಬೇರುಗಳನ್ನು ತಗುಲಿಸಿ ನೀರು, ಖನಿಜಗಳನ್ನು ಪಡೆಯುತ್ತದೆ. ಆ ಹಿಡಿತ ತಪ್ಪಿದ ಮೇಲೆ ಮರಕ್ಕೆ ಉಳಿಗಾಲವಿಲ್ಲ. ಒಳ್ಳೆಯ ಚೇಗು ಕಟ್ಟಲು ಸುಮಾರು 30 ವರ್ಷ ಬೇಕಾಗುವ ಮರ, ರೋಗ ತಗುಲಿದ ಮೂರು ವರ್ಷದೊಳಗೆ ಒಣಗಿ ನಿಲ್ಲುತ್ತದೆ.

ಈ ರೋಗ ಮೊದಲು ದಾಖಲಾದದ್ದು ಕೊಡಗಿನಲ್ಲಿ, 1899ರಲ್ಲಿ. ಅಲ್ಲಿಂದ ಮೈಸೂರು ಸಂಸ್ಥಾನದ ಕಾಡುಗಳಿಗೆ ಹರಡಿತು. 1903ರಿಂದ 1916ರ ನಡುವೆ ಕೊಡಗು ಮತ್ತು ಮೈಸೂರು ಭಾಗಗಳಲ್ಲಿ ರೋಗ ಬಂದ 10 ಲಕ್ಷಕ್ಕೂ ಹೆಚ್ಚು ಮರಗಳನ್ನು ತೆಗೆಸಲಾಯಿತು. ಸಂಸ್ಥಾನಕ್ಕೆ ಶ್ರೀಗಂಧ ಬೊಕ್ಕಸ ತುಂಬುವ ಮರವಾಗಿತ್ತು. ಇದೇ ಅವಧಿಯ ಕೊನೆಗೆ, 1916ರಲ್ಲಿ, ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಯೂ ಆರಂಭವಾಯಿತು. ಹೀಗಾಗಿ ದೇಶದಲ್ಲಿ ಕಾಡುಮರವೊಂದರ ರೋಗದ ಬಗ್ಗೆ ಇಷ್ಟು ಗಂಭೀರವಾದ, ಇಷ್ಟು ದೀರ್ಘವಾದ ಸಂಶೋಧನೆ ನಡೆದ ಉದಾಹರಣೆಗಳು ಕಡಿಮೆ. ಅದರ ಚರಿತ್ರೆಯಲ್ಲಿ ನಾಡಿನ ಮರಗಳ ರಕ್ಷಣೆಗೆ ವಿಜ್ಞಾನ ಏನು ಮಾಡಬಲ್ಲದು, ಎಲ್ಲಿ ನಿಂತುಹೋಗುತ್ತದೆ ಎಂಬುದು ಎರಡೂ ಕಾಣುತ್ತವೆ.

ಆರಂಭದಲ್ಲಿ ಕಾರಣದ ಬಗ್ಗೆಯೇ ಒಮ್ಮತವಿರಲಿಲ್ಲ. ಬರ, ಕಾಡ್ಗಿಚ್ಚು, ಆಸರೆ ಗಿಡಗಳ ಕೊರತೆ, ಲಂಟಾನದ ಹಾವಳಿ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಮರದೊಳಗಿನ ರಸಸಂಚಾರ ಏರುಪೇರಾಗಿ ಹೀಗಾಗುತ್ತದೆ ಎಂಬ ವಾದಕ್ಕೂ ಅರಣ್ಯ ವಿಜ್ಞಾನಿಗಳ ಬೆಂಬಲವಿತ್ತು. ಈ ಗೊಂದಲಕ್ಕೆ ತೆರೆ ಎಳೆದದ್ದು ಲೆಸ್ಲಿ ಕೋಲ್ಮನ್. ಕೆನಡಾದವರಾದ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ರೋಗದ ಮರದ ಕಡ್ಡಿಯನ್ನು ಆರೋಗ್ಯವಂತ ಗಿಡಕ್ಕೆ ಕಸಿ ಮಾಡಿದರೆ ಆ ಗಿಡಕ್ಕೂ ರೋಗ ಬರುತ್ತದೆ ಎಂದು ಅವರು 1917ರಲ್ಲಿ ತೋರಿಸಿದರು. ಅಂದರೆ ಇದು ಮಣ್ಣಿನ ಅಥವಾ ಹವಾಮಾನದ ದೋಷವಲ್ಲ, ಗಿಡದಿಂದ ಗಿಡಕ್ಕೆ ಅಂಟುವ ರೋಗ. ಸರಳವಾದ ಪ್ರಯೋಗ, ಆದರೆ ಆಮೇಲಿನ ಎಲ್ಲ ಸಂಶೋಧನೆಯೂ ಅದರ ಮೇಲೇ ನಿಂತಿದೆ.

ಇದೇ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೂ ಕೆಲಸ ಮಾಡಿದ್ದರು. ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ಮಲೆನಾಡಿನಲ್ಲಿ ಬೇರೂರಲು ಅವರ ಪ್ರಯತ್ನವೇ ಕಾರಣ. ಶತಮಾನ ಕಳೆದರೂ ಮಳೆಗಾಲದ ಮುನ್ನ ತೋಟಗಳಲ್ಲಿ ಅದು ನಡೆದೇ ಇದೆ. ಸ್ಪೈಕ್ ರೋಗಕ್ಕೆ ಮಾತ್ರ ಅಂಥ ಪರಿಹಾರ ಇವತ್ತಿಗೂ ಇಲ್ಲ. ಎರಡೂ ರೋಗಾಣುಗಳ ಸ್ವಭಾವ ಬೇರೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವೂ ಇದೆ: ಅಡಿಕೆ ಮರಕ್ಕೆ ಯಜಮಾನನಿದ್ದ. ಗೊನೆ ಉದುರಿದರೆ ಅವನ ಎದೆ ಉರಿಯುತ್ತಿತ್ತು, ಪರಿಹಾರ ಕೊಡಿ ಎಂದು ಅವನು ಕೇಳುತ್ತಿದ್ದ. ಟಿಪ್ಪು ಸುಲ್ತಾನನ ಕಾಲದಿಂದಲೂ ರಾಜವೃಕ್ಷವಾಗಿದ್ದ ಶ್ರೀಗಂಧ ರೈತನ ಹೊಲದ ಬದುವಿನಲ್ಲಿ ಬೆಳೆದರೂ ಅವನದಾಗಿರಲಿಲ್ಲ. ಕಾಣೆಯಾದರೆ ಕೇಸು, ಉಳಿದರೆ ಕಾವಲಿನ ಹೊರೆ. ಅಂಥ ಮರದ ಎಲೆ ಕಿರಿದಾಯಿತೆಂದು ಯಾರು ತಾನೆ ಅಧಿಕಾರಿಗಳ ಬಳಿ ಓಡಿಯಾರು? ಕಾನೂನು ಮರದ ಸ್ವಾಮ್ಯವನ್ನು ಭದ್ರ ಮಾಡಿತು. ಮರದ ಆರೋಗ್ಯದ ಮೇಲೆ ಕಣ್ಣಿಡಬಲ್ಲ ಸಾವಿರಾರು ಜನರನ್ನು ಅದೇ ಕಾನೂನು ಮರದಿಂದ ದೂರ ಇಟ್ಟಿತು.

ಅಂಟುರೋಗ ಎಂದು ಗೊತ್ತಾದ ಮೇಲೆ ಉಳಿದದ್ದು ಎರಡು ಪ್ರಶ್ನೆ: ಅಂಟಿಸುವವರು ಯಾರು, ಅಂಟುವುದು ಏನು? 1920 ಮತ್ತು 30ರ ದಶಕಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಬಗ್ಗೆ ವ್ಯವಸ್ಥಿತ ಅಧ್ಯಯನ ನಡೆಯಿತು. ರೋಗದ ಮರದ ರಸಾಯನ, ಆಸರೆ ಗಿಡಗಳ ಪಾತ್ರ, ಎಲೆಯ ಮೇಲೆ ಕೂರುವ ಕೀಟಗಳು ಎಲ್ಲವೂ ಪರೀಕ್ಷೆಗೆ ಒಳಗಾದವು. ಜಿಗಿಹುಳುವೊಂದು ರೋಗ ಹರಡಬಲ್ಲದು ಎಂಬುದನ್ನು 1941ರಲ್ಲಿ ರಂಗಸ್ವಾಮಿ ಮತ್ತು ಗ್ರಿಫಿತ್ ಎಂಬ ಸಂಶೋಧಕರು ಪ್ರಕಟಿಸಿದರು. ಅಂಟುವುದು ಏನು ಎಂಬುದಕ್ಕೆ ಮಾತ್ರ ಇನ್ನೂ ಕಾಲು ಶತಮಾನ ಕಾಯಬೇಕಾಯಿತು. ಕಣ್ಣಿಗೆ ಕಾಣದ ವೈರಸ್ ಇರಬೇಕು ಎಂದೇ ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು.

ಉತ್ತರ ಸಿಕ್ಕಿದ್ದು ಜಪಾನಿನ ಹಿಪ್ಪುನೇರಳೆ ಗಿಡದಲ್ಲಿ. ಅಲ್ಲಿ ಹಿಪ್ಪುನೇರಳೆಯನ್ನು ಕುಬ್ಜಗೊಳಿಸುವ ರೋಗವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ವಿಜ್ಞಾನಿಗಳು, ಕೋಶಭಿತ್ತಿಯೇ ಇಲ್ಲದ ಅತಿ ಸಣ್ಣ ಬ್ಯಾಕ್ಟೀರಿಯಾಗಳು ಗಿಡದ ಆಹಾರ ಸಾಗಿಸುವ ನಾಳಗಳಲ್ಲಿ ತುಂಬಿಕೊಂಡಿರುವುದನ್ನು 1967ರಲ್ಲಿ ವರದಿ ಮಾಡಿದರು. ಎರಡೇ ವರ್ಷದಲ್ಲಿ, 1969ರಲ್ಲಿ, ಬೇರೆಬೇರೆ ಕಡೆಯ ಮೂರು ಸಂಶೋಧಕರ ತಂಡಗಳು ಸ್ಪೈಕ್ ರೋಗದ ಶ್ರೀಗಂಧದಲ್ಲೂ ಅಂಥವೇ ಜೀವಿಗಳನ್ನು ಕಂಡವು. ಈಗ ಅವುಗಳಿಗೆ ಫೈಟೊಪ್ಲಾಸ್ಮಾ ಎನ್ನುತ್ತಾರೆ. ಬದನೆಯ ಕಿರಿ ಎಲೆ ರೋಗ, ಎಳ್ಳಿನ ಹೂವು ಎಲೆಯಾಗಿಬಿಡುವ ರೋಗ ಇವೆಲ್ಲ ಇದೇ ಗುಂಪಿನ ಜೀವಿಗಳ ಕೆಲಸ. ಎಲೆಯಲ್ಲಿ ಪಿಷ್ಟ ಕಟ್ಟಿಕೊಳ್ಳುವುದು, ಬೇರು ಸಾಯುವುದು ಏಕೆಂಬುದೂ ಇದರಿಂದ ತಿಳಿಯಿತು. ರೋಗಾಣು ನೆಲೆಸಿರುವುದೇ ಎಲೆಯ ಆಹಾರ ಬೇರಿಗೆ ಇಳಿಯುವ ದಾರಿಯಲ್ಲಿ.

ರೋಗಾಣು ಬ್ಯಾಕ್ಟೀರಿಯಾ ಎಂದ ಮೇಲೆ ಆಂಟಿಬಯೋಟಿಕ್ ಕೊಟ್ಟರೆ ವಾಸಿಯಾಗಬೇಕಲ್ಲವೇ ಎಂಬ ಆಸೆ ಸಹಜವಾಗಿತ್ತು. ಕೋಶಭಿತ್ತಿ ಇಲ್ಲದ್ದರಿಂದ ಪೆನಿಸಿಲಿನ್ ಅದರ ಮೇಲೆ ನಡೆಯದು. ಟೆಟ್ರಾಸೈಕ್ಲಿನ್ ನಡೆಯುತ್ತದೆ. ಕಾಂಡಕ್ಕೆ ತೂತು ಕೊರೆದು ಔಷಧ ಇಳಿಸಿದಾಗ ರೋಗದ ಮರಗಳು ಮತ್ತೆ ಅಗಲವಾದ ಎಲೆ ಬಿಟ್ಟವು. ಕೆಲವು ತಿಂಗಳಾದ ಮೇಲೆ ರೋಗದ ಲಕ್ಷಣ ಮರುಕಳಿಸಿತು. ಟೆಟ್ರಾಸೈಕ್ಲಿನ್ ರೋಗಾಣುವಿನ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಕೊಲ್ಲುವುದಿಲ್ಲ. ಪ್ರಯೋಗಕ್ಕೆ ಆಯ್ದ ನಾಲ್ಕು ಮರಕ್ಕೆ ತಿಂಗಳಿಗೊಮ್ಮೆ ಔಷಧ ಇಳಿಸಬಹುದು, ಕಾಡಿಗೆ ಕಾಡನ್ನೇ ಹೀಗೆ ನೋಡಿಕೊಳ್ಳಲಾಗದು. ಆಂಟಿಬಯೋಟಿಕ್ಕನ್ನು ಹೀಗೆ ಹೊರಾಂಗಣದಲ್ಲಿ ಬಳಸಿದರೆ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಔಷಧ ನಿರೋಧಕತೆ ಬೆಳೆಯುವ ಅಪಾಯ ಬೇರೆ. ಔಷಧದ ದಾರಿ ಅಲ್ಲಿಗೆ ಮುಚ್ಚಿತೆಂದೇ ತಿಳಿಯಬೇಕು. ಸ್ಪೈಕ್ ರೋಗಕ್ಕೆ ಇಂಜೆಕ್ಷನ್ ಕಂಡುಹಿಡಿದೇ ಬಿಟ್ಟರು ಎಂಬಂಥ ಸುದ್ದಿಗಳನ್ನು ನಂಬಿ ರೈತರು ದುಡ್ಡು ಕಳೆದುಕೊಳ್ಳಬಾರದು.

ಉಳಿದಿರುವ ದಾರಿ ರೋಗವನ್ನು ಬೇಗ ಪತ್ತೆ ಮಾಡುವುದು ಮತ್ತು ಹರಡದಂತೆ ತಡೆಯುವುದು. ಪತ್ತೆಯ ವಿಷಯದಲ್ಲಿ ವಿಜ್ಞಾನ ತುಂಬಾ ಮುಂದೆ ಬಂದಿದೆ. ಪಿಸಿಆರ್ ಪರೀಕ್ಷೆಯಿಂದ, ಎಲೆ ಕಿರಿದಾಗುವ ಮುಂಚೆಯೇ ರೋಗಾಣುವಿನ ಡಿಎನ್ಎ ಗುರುತಿಸಬಹುದು. ಮರ ನೋಡಲು ಆರೋಗ್ಯವಾಗಿದ್ದೂ ರೋಗ ಹೊತ್ತಿರಬಹುದು ಎಂಬುದನ್ನು ನೆನೆದರೆ ಇದು ದೊಡ್ಡ ಸಾಧನೆ. ಹರಡುವಿಕೆಯ ವಿಷಯದಲ್ಲಿ ಮಾತ್ರ 1941ರ ನಂತರವೂ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಜಿಗಿಹುಳುಗಳ ಹಲವು ಜಾತಿಗಳ ಮೇಲೆ ಸಂಶಯವಿದೆ. ಬಂದರಿಕೆ, ಸೂರಿಮುಳ್ಳು, ನಿತ್ಯಪುಷ್ಪದಂಥ ಗಿಡಗಳಲ್ಲೂ ಇಂಥದೇ ಲಕ್ಷಣಗಳು ಕಂಡಿವೆ. ಅವುಗಳಲ್ಲಿರುವುದೂ ಶ್ರೀಗಂಧದಲ್ಲಿರುವುದೂ ಒಂದೇ ರೋಗಾಣುವೇ, ಯಾವ ಹುಳು ಯಾವ ತಿಂಗಳಲ್ಲಿ ಯಾವ ಗಿಡದಿಂದ ಯಾವ ಗಿಡಕ್ಕೆ ಹಾರುತ್ತದೆ ಎಂಬುದು ತಿಳಿಯದೆ, ರೋಗದ ಮರ ಕಡಿದೊಗೆಯುವುದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. ಮರ ಹೋದರೂ ಪೊದೆಯಲ್ಲಿ ರೋಗ ಉಳಿಯಬಹುದು. ಕಡಿದ ಬುಡದಿಂದ, ಬೇರಿನಿಂದ ಬರುವ ಚಿಗುರಿನಲ್ಲೂ ಉಳಿಯಬಹುದು.

ಇಂಥ ಪ್ರಶ್ನೆಗಳಿಗೆ ಎರಡು-ಮೂರು ವರ್ಷದ ಪ್ರಾಜೆಕ್ಟುಗಳಲ್ಲಿ ಉತ್ತರ ಸಿಗುವುದಿಲ್ಲ. ಒಂದೇ ಕಾಡಿನಲ್ಲಿ ಹತ್ತಾರು ವರ್ಷ ಹುಳು ಹಿಡಿದು, ಎಲೆ ಆರಿಸಿ, ಲೆಕ್ಕ ಇಡುವ ತಾಳ್ಮೆಯ ಕೆಲಸ ಇದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಶ್ರೀಗಂಧದ ಅಧ್ಯಯನಕ್ಕೆ ಹೆಸರಾದದ್ದು. 1938ರ ಅರಣ್ಯ ಸಂಶೋಧನಾ ಪ್ರಯೋಗಾಲಯವೇ 1988ರಲ್ಲಿ ಈ ರೂಪ ಪಡೆಯಿತು. ಅಲ್ಲಿ ಅನುಭವವಿದೆ, ಪರಿಣತಿಯಿದೆ. ರೋಗ ಜೋರಾದಾಗ ಹಣ, ತಣ್ಣಗಾದಾಗ ಮರೆವು ಎಂಬ ರೂಢಿ ಬದಲಾಗದಿದ್ದರೆ ಅಂಥ ಪರಿಣತಿಯೂ ನಿಷ್ಫಲ. ಕೇರಳದ ಮರಯೂರಿನ ಶ್ರೀಗಂಧದ ಕಾಡಿಗೆ 1980ರ ದಶಕದಲ್ಲಿ ಈ ರೋಗ ಕಾಲಿಟ್ಟಿತು. ಗಂಧಗಳ್ಳರ ವಿರುದ್ಧ ಬೇಲಿ, ಕಾವಲುಗಾರರು ಇರುವ ಆ ಕಾಡಿನಲ್ಲಿ ರೋಗ ಈಗಲೂ ಮರ ಕೊಲ್ಲುತ್ತಿದೆ.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನ ಮಾಲೀಕನೇ ಅಲ್ಲಿರುವ ಶ್ರೀಗಂಧಕ್ಕೂ ಒಡೆಯನಾದ. ಬರಡು ಜಮೀನುಗಳಲ್ಲೂ ಗಂಧದ ತೋಟಗಳು ಎದ್ದವು. ರೋಗದ ದೃಷ್ಟಿಯಿಂದ ಇದರಲ್ಲಿ ಲಾಭ, ಅಪಾಯ ಎರಡೂ ಇವೆ. ಪ್ರತಿ ಗಿಡವನ್ನೂ ದಿನಾ ನೋಡುವ ರೈತನ ಕಣ್ಣು ಈಗ ಮರದ ಮೇಲಿದೆ, ಅದು ಲಾಭ. ಕಾಡಿನಲ್ಲಿ ಚದುರಿ ಬೆಳೆಯುವ ಮರ ತೋಟದಲ್ಲಿ ಸಾಲುಸಾಲಾಗಿ ಒತ್ತೊತ್ತಾಗಿ ನಿಲ್ಲುತ್ತದೆ, ಅದು ಅಪಾಯ. ಕಾಂಡ ಕೊರೆಯುವ ಕೆಂಪು ಕೊರಕದಂಥ ಹುಳುಗಳು ಈಗಾಗಲೇ ತೋಟಗಾರರ ನಿದ್ದೆಗೆಡಿಸಿವೆ. ಸ್ಪೈಕ್ ರೋಗ ತೋಟಗಳಿಗೆ ನುಗ್ಗುವ ಸುಲಭದ ದಾರಿ ನರ್ಸರಿ. ತೊಗರಿಯನ್ನೋ ಹೊನಗೊನ್ನೆಯನ್ನೋ ಆಸರೆಗೆ ಕೊಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಬೆಳೆಸಿದ ಸಸಿ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಲಾರಿಯಲ್ಲಿ ಹೋಗುತ್ತದೆ. ಅದನ್ನು ರೋಗಪರೀಕ್ಷೆ ಮಾಡಿಯೇ ಮಾರಬೇಕೆಂಬ ಕಟ್ಟುನಿಟ್ಟು ಇಲ್ಲದಿದ್ದರೆ, ಕೀಟ ವರ್ಷಗಟ್ಟಲೆ ಹಾರಿ ತಲುಪದ ಊರಿಗೆ ರೋಗ ಒಂದೇ ರಾತ್ರಿಯಲ್ಲಿ ತಲುಪುತ್ತದೆ. ಸಸಿಗೆ ಪ್ರಮಾಣಪತ್ರ ಕಡ್ಡಾಯ ಮಾಡುವುದು ಸರ್ಕಾರದ ಕೈಯಲ್ಲಿದೆ. ಅದಕ್ಕೆ ಬೇಕಾದ ಪಿಸಿಆರ್ ಪರೀಕ್ಷೆಯೂ ಸಿದ್ಧವಿದೆ. ಇನ್ನೂ ತಡ ಮಾಡಲು ಕಾರಣವೇ ಇಲ್ಲ.

ನಾಡಿನ ಉಳಿದ ಮರಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಬೇವಿನ ರೆಂಬೆಗಳು ತುದಿಯಿಂದ ಒಣಗುತ್ತಾ ಬರುವ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲೇ ಗುರುತಿಸಿ ವಿವರಿಸಿದ್ದರು. ಅದು ಬೀಜದ ಮೂಲಕವೂ ಸಾಗುತ್ತದೆ ಎಂದೂ ತೋರಿಸಿದ್ದರು. ಆದರೂ ಇತ್ತೀಚಿನ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಬೇವಿನ ಮರಗಳು ಸಾಲಾಗಿ ಒಣಗಿದಾಗ ಜನ ಗಾಬರಿಯಾಗಿ ಏನೇನೋ ಕಾರಣ ಹುಡುಕಿದರು.

ಕಾಳುಮೆಣಸಿನ ಬಳ್ಳಿಗೆ ಆಸರೆಯಾದ ಹಾಲುವಾಣದ ಮೇಲೆ 2005ರ ಆಸುಪಾಸಿನಲ್ಲಿ ಗಂಟು ಕಣಜ ದಾಳಿಯಿಟ್ಟಿತು. ಕಾಲು ಅಂಗುಲವೂ ಇಲ್ಲದ ಈ ಕಣಜ ಚಿಗುರಿನಲ್ಲಿ ಮೊಟ್ಟೆಯಿಡುತ್ತದೆ. ಎಲೆ, ತೊಟ್ಟುಗಳೆಲ್ಲ ಗಂಟುಗಂಟಾಗಿ ಊದಿಕೊಂಡು ಮರ ಬೋಳಾಗುತ್ತದೆ. ಬೆಳೆಗಾರರು ಬೇರೆ ಮರ ನೆಟ್ಟು ಸುಮ್ಮನಾದರು. ಅದೇ ಕಣಜ ಅದೇ 2005ರಲ್ಲಿ ಹವಾಯಿ ದ್ವೀಪಗಳಿಗೂ ನುಗ್ಗಿ, ಅಲ್ಲಿಯದೇ ಆದ ವಿಲಿವಿಲಿ ಮರಗಳನ್ನು ಒಣಗಿಸಿತು. ವಿಲಿವಿಲಿ ಹಾಲುವಾಣದ ದಾಯಾದಿ. ಹವಾಯಿಯ ವಿಜ್ಞಾನಿಗಳು ಈ ಕೀಟದ ಮೂಲ ಹುಡುಕಿಕೊಂಡು ಆಫ್ರಿಕಾಕ್ಕೆ ಹೋದರು, ಟಾಂಜಾನಿಯಾದಲ್ಲಿ ಅದನ್ನೇ ತಿಂದು ಬದುಕುವ ಇನ್ನೊಂದು ಕಣಜವನ್ನು ಕಂಡರು, ಬೇರೆ ಕೀಟಗಳಿಗೆ ಅದರಿಂದ ತೊಂದರೆಯಿಲ್ಲವೆಂದು ಪರೀಕ್ಷಿಸಿ 2008ರ ನವೆಂಬರಿನಲ್ಲಿ ಬಿಡುಗಡೆ ಮಾಡಿದರು. ವಿಲಿವಿಲಿ ಮತ್ತೆ ಚಿಗುರಿತು. ಭಾರತಕ್ಕೆ ಇಂಥ ಕೆಲಸ ಗೊತ್ತಿಲ್ಲವೆಂದಲ್ಲ. ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಗೆಡವಿದ ಹಿಟ್ಟು ತಿಗಣೆಯನ್ನು ಹತೋಟಿಗೆ ತಂದದ್ದು 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯ ಮೂಲಕ ಹೊರದೇಶದಿಂದ ತರಿಸಿದ ಪರತಂತ್ರ ಜೀವಿಯೇ. ಅಲ್ಲಿ ರೈತರ ನಷ್ಟ ಕಣ್ಣಿಗೆ ರಾಚುತ್ತಿತ್ತು. ಹಾಲುವಾಣದ ಪರ ಅಷ್ಟು ಗಟ್ಟಿ ದನಿ ಏಳಲಿಲ್ಲ.

ಜೈವಿಕ ನಿಯಂತ್ರಣ ಹೊರಗಿನಿಂದ ಬಂದ ಕೀಟಕ್ಕೆ ಒಗ್ಗುವ ವಿಧಾನ. ಶ್ರೀಗಂಧದ ರೋಗಾಣು, ಅದನ್ನು ಹರಡುವ ಜಿಗಿಹುಳು ಎರಡೂ ಇಲ್ಲಿ ನೆಲೆಯೂರಿರುವುದರಿಂದ ಆ ರೋಗಕ್ಕೆ ಬೇರೆ ಉಪಾಯ ಬೇಕು. ರೋಗ ತಡೆದುಕೊಳ್ಳುವ ಮರಗಳನ್ನು ಹುಡುಕುವುದು ಅದರಲ್ಲಿ ಮುಖ್ಯವಾದದ್ದು. ಸುತ್ತಲಿನ ಮರಗಳೆಲ್ಲ ಸತ್ತ ಜಾಗದಲ್ಲಿ ಒಂದೆರಡು ಮರಗಳು ಹಸಿರಾಗಿ ಉಳಿದಿದ್ದರೆ, ಅವು ಹುಳುವಿನ ಕಣ್ಣಿಗೆ ಬೀಳದೆ ಪಾರಾದವೋ, ನಿಜವಾಗಿ ರೋಗ ತಾಳುವ ಗುಣದವೋ ಎಂದು ಕಸಿ ಮಾಡಿ ಪರೀಕ್ಷಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಂಗಾಂಶ ಕೃಷಿಯಿಂದ ಶ್ರೀಗಂಧದ ಸಸಿ ಪಡೆಯುವ ವಿಧಾನವನ್ನು 1979ರಲ್ಲೇ ಪ್ರಕಟಿಸಿದ್ದರು. 2018ರಲ್ಲಿ ಶ್ರೀಗಂಧದ ಜೀನೋಮ್ ಕೂಡ ಪ್ರಕಟವಾಗಿದೆ. ಗುಣ ಖಚಿತವಾದ ಮರ ಸಿಕ್ಕರೆ ಅದನ್ನು ವೃದ್ಧಿಸುವ ವಿದ್ಯೆ ಕೈಯಲ್ಲಿದೆ. ಆದರೆ ಅಂಥ ಮರ ಕಾಡಿನಲ್ಲಿ ಎಲ್ಲಿದೆ ಎಂದು ಗುರುತಿಸಿ, ನಕ್ಷೆಯಲ್ಲಿ ದಾಖಲಿಸಿ, ಅದರ ಬೀಜ ಮತ್ತು ಕಡ್ಡಿಯನ್ನು ಬೇರೆಬೇರೆ ಕಡೆ ಬೆಳೆಸಿ ಇಡುವ ಕೆಲಸವನ್ನು ಅರಣ್ಯ ಇಲಾಖೆ ಮತ್ತು ವಿಜ್ಞಾನಿಗಳು ಕೂಡಿ, ಗಂಧಗಳ್ಳರ ಕೊಡಲಿ ಆ ಮರಕ್ಕೆ ಬೀಳುವ ಮುಂಚೆ ಮುಗಿಸಬೇಕು.